ಸ್ಯಾಪರ್ ಆಗಿದ್ದ ನಾನು ಪ್ಯಾರಾ ಎಸ್‌ಎಫ್ ಸೇರಿದ ಬಗೆ

ಬೆಳಿಗ್ಗೆ ಹಲಸೂರಿನಲ್ಲಿ ಓಟದ ಅಭ್ಯಾಸಕ್ಕೆ ಬರುವ ಹುಡುಗರು ಕೇಳುವುದು ಒಂದೇ: ಕಮಾಂಡೋ ಆಗಲು ಅರ್ಜಿ ಎಲ್ಲಿ ಹಾಕಬೇಕು? ಮೊದಲು ಒಳ್ಳೆಯ ಸೈನಿಕರಾಗಿ, ಮಿಕ್ಕಿದ್ದು ಆಮೇಲೆ ಎನ್ನುತ್ತೇನೆ. ನಮ್ಮ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಕೂಡ ಬಿಹಾರ ರೆಜಿಮೆಂಟ್‌ನಲ್ಲಿ ದುಡಿದೇ ಭಯೋತ್ಪಾದನೆ ನಿಗ್ರಹ ಪಡೆಯಾದ ಎನ್‌ಎಸ್‌ಜಿಗೆ ಹೋದವರು.

ನಾನು ರ‍್ಯಾಲಿಯಲ್ಲಿ 1.6 ಕಿ.ಮೀ. ಓಡಿ, ಕಂಬಿ ಹಿಡಿದು ಮೈ ಮೇಲೆತ್ತಿ, 9 ಅಡಿ ಹಳ್ಳ ಹಾರಿ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿ ಸ್ಯಾಪರ್, ಅಂದರೆ ಎಂಜಿನಿಯರ್ ಸೈನಿಕ, ಆದೆ. ಸೇತುವೆ ಕಟ್ಟುವುದು, ನೆಲಬಾಂಬ್ ಹುಡುಕುವುದು, ಸ್ಫೋಟಕ ಜೋಡಿಸುವುದು ಅಲ್ಲಿ ಕೈಗೆ ಹತ್ತಿದ ವಿದ್ಯೆ. ಪ್ಯಾರಾ ಎಸ್‌ಎಫ್ ಎಂದರೆ ಪ್ಯಾರಾಶೂಟ್ ರೆಜಿಮೆಂಟ್‌ನ ವಿಶೇಷ ಪಡೆ (ಸ್ಪೆಷಲ್ ಫೋರ್ಸಸ್); ಅದರ ಪುಟ್ಟ ತಂಡದಲ್ಲಿ ಒಬ್ಬ ಸ್ಫೋಟಕ ಬಲ್ಲವನು, ಒಬ್ಬ ಚಿಕಿತ್ಸೆ ಬಲ್ಲವನು, ಒಬ್ಬ ರೇಡಿಯೋ ಬಲ್ಲವನು ಬೇಕೇ ಬೇಕು. ಕಮಾಂಡಿಂಗ್ ಆಫೀಸರ್ ಒಪ್ಪಿಗೆ ಪಡೆದು, ನಾನಾಗಿಯೇ ಹೆಸರು ಕೊಟ್ಟೆ.

ಪ್ರೊಬೇಷನ್, ಅಂದರೆ ಆಯ್ಕೆಯ ಪರೀಕ್ಷಾ ಅವಧಿ, ತಿಂಗಳುಗಟ್ಟಲೆ ನಡೆಯುತ್ತದೆ. ಸಾಕೆನಿಸಿದವನು ಯಾವ ಗಳಿಗೆಯಲ್ಲಾದರೂ ಬಿಟ್ಟು ತನ್ನ ಮೂಲ ಘಟಕಕ್ಕೆ ಮರಳಬಹುದು. ತೋಳ್ಬಲದವರೇ ಉಳಿಯುತ್ತಾರೆ ಎಂಬುದು ತಪ್ಪು ಕಲ್ಪನೆ. ನಿದ್ದೆಯಿಲ್ಲದ ರಾತ್ರಿಗಳಲ್ಲಿ, ಹೆಗಲು ಕೊರೆಯುವ ಭಾರ ಹೊತ್ತಾಗ, ಸಣ್ಣ ಕೆಲಸವನ್ನೂ ಸರಿಯಾಗಿ ಮಾಡುವವನು ಉಳಿಯುತ್ತಾನೆ. ನಡಿಗೆಯ ನಡುವೆ ಬಿಡುವು ಸಿಕ್ಕಾಗ ಎಲ್ಲರಿಗೂ ಮಲಗುವ ಆಸೆ. ನಾನು ಮೊದಲು ಬೂಟು ಬಿಚ್ಚುತ್ತಿದ್ದೆ. ಒದ್ದೆ ಕಾಲುಚೀಲ ತೆಗೆದು, ಬೆರಳ ಸಂದುಗಳನ್ನು ಒರೆಸಿ, ಕೆಂಪೇರಿದ ಕಡೆ ಟೇಪ್ ಹಚ್ಚಿ, ಒಣ ಕಾಲುಚೀಲ ಹಾಕಿಕೊಂಡು, ಜೊತೆಗಾರನ ಪಾದವನ್ನೂ ನೋಡುತ್ತಿದ್ದೆ. ಹಿಮ್ಮಡಿಯ ಬೊಕ್ಕೆ ಒಡೆದು ಹಿಂದಿರುಗಿದವರಲ್ಲಿ ನನಗಿಂತ ವೇಗವಾಗಿ ಓಡುವವರೂ ಇದ್ದರು. ಆ ಬೇಸರ ಇನ್ನೂ ಇದೆ.

ಆಗ್ರಾದ ತರಬೇತಿ ಶಾಲೆಯಲ್ಲಿ ವಿಮಾನದಿಂದ 5 ಜಿಗಿತ, ಅದರಲ್ಲಿ ಒಂದು ರಾತ್ರಿಯದು. ನಿಜ ಹೇಳಬೇಕೆಂದರೆ, ಪ್ರೊಬೇಷನ್ ದಾಟಿದವನಿಗೆ ಅದು ಹಬ್ಬ. ಎದೆಯ ಮೇಲೆ ಪ್ಯಾರಾ ಎಸ್‌ಎಫ್‌ನ ಗುರುತಾದ ಬಲಿದಾನ ಬ್ಯಾಡ್ಜ್ ಬಂದ ಮೇಲೆಯೇ ನಿಜವಾದ ಕಲಿಕೆ ಶುರುವಾಗುತ್ತದೆ.

2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ 4 ವರ್ಷ. ಮುಂದುವರಿಯುವ ಅವಕಾಶ ಗರಿಷ್ಠ ಶೇ. 25 ಮಂದಿಗೆ. ನನ್ನಂತೆ ಸುತ್ತಿ ಬರುವಷ್ಟು ಸಮಯ ಈಗಿನವರಿಗೆ ಇಲ್ಲ. ಪ್ಯಾರಾಶೂಟ್ ರೆಜಿಮೆಂಟ್‌ನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ನೇರವಾಗಿ ಅಲ್ಲಿಗೆ ಸೇರುವ ಅವಕಾಶ ಸಿಕ್ಕರೆ ಎರಡು ಬಾರಿ ಯೋಚಿಸಬೇಡಿ. ಎಸ್‌ಎಫ್ ಸೀಟು ಕೊಡಿಸುತ್ತೇವೆಂದು ಹಣ ಕೇಳುವವರ ಹತ್ತಿರವೂ ಸುಳಿಯಬೇಡಿ.