ನಿಮ್ಮ ಕೈಯಲ್ಲೇ ಚರ್ಮದ ನಡುಪದರ ಹುಡುಕಿ

ಮಂಡ್ಯದ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಚರ್ಮದ ಪಾಠಕ್ಕೆ ಚಾರ್ಟ್ ಬಿಚ್ಚುವುದೇ ಇಲ್ಲ. ಕೈ ಚಾಚಿ ಅಂತೀನಿ, ಅಷ್ಟೆ.

ಮೊದಲು ಗೀರು ಹುಡುಕಿ. ನಮ್ಮ ಹುಡುಗರ ಕೈಯಲ್ಲಿ ಕಬ್ಬಿನ ಗರಿ ಗೀರಿದ ಗುರುತು ಇದ್ದೇ ಇರುತ್ತದೆ. ಬರೀ ಬಿಳಿ ಗೆರೆ, ರಕ್ತ ಇಲ್ಲ ಅಂದರೆ ಗಾಯ ಹೊರಪದರ ದಾಟಿಲ್ಲ. ಅಲ್ಲಿ ರಕ್ತನಾಳಗಳೇ ಇಲ್ಲ. ರಕ್ತ ಜಿನುಗಿತಾ? ಹಾಗಾದರೆ ಗರಿ ನಡುಪದರ ಮುಟ್ಟಿದೆ. ಇದೇ ಡರ್ಮಿಸ್. ಕಣ್ಣರೆಪ್ಪೆಯಲ್ಲಿ ಇದು 1 ಮಿಲಿಮೀಟರಿಗಿಂತ ತೆಳು, ಬೆನ್ನಿನಲ್ಲಿ ತುಂಬಾ ದಪ್ಪ.

ಈಗ ಅಂಗೈ ಹಿಂಬದಿಯ ಚರ್ಮ ಚಿವುಟಿ ಎತ್ತಿ, ಬಿಡಿ. ತಟ್ಟನೆ ಕೂತುಕೊಂಡಿತು ಅಲ್ವಾ? ಅದು ಡರ್ಮಿಸ್‌ನಲ್ಲಿರುವ ಎಲಾಸ್ಟಿನ್ ಎಳೆಗಳ ಕೆಲಸ. ಎಳೆದಾಗ ಹರಿಯದಂತೆ ಹಿಡಿದದ್ದು ಕೊಲಾಜನ್. ವಯಸ್ಸಾದಂತೆ ಎರಡೂ ಸೊರಗುತ್ತವೆ. ನನ್ನ ಚರ್ಮ ನಿಧಾನಕ್ಕೆ ಇಳಿಯುವುದನ್ನು ನೋಡಿ ಹುಡುಗರು ಕಿಸಕ್ಕನೆ ನಗುತ್ತಾರೆ.

ಕೂದಲಿನ ಬುಡ, ಎಣ್ಣೆ ಗ್ರಂಥಿ, ನರಗಳ ತುದಿ ಎಲ್ಲಾ ಇಲ್ಲೇ. ಬೆಳಗ್ಗೆ ತಣ್ಣೀರು ಹುಯ್ದುಕೊಂಡು ನೋಡಿ. ಕೂದಲ ಬುಡದ ಪುಟಾಣಿ ಸ್ನಾಯು ಬಿಗಿದು ರೋಮ ನಿಲ್ಲುತ್ತದೆ.

ಮನೆಯಲ್ಲಿ ಅಜ್ಜಿ ಇದ್ದರೆ ಅವರ ಕೈಯ ಹಚ್ಚೆ ನೋಡಿ. ಹೊರಪದರ ಒಂದೆರಡು ತಿಂಗಳಿಗೆಲ್ಲ ಸವೆದು ಹೊಸದಾಗುತ್ತದೆ, ಹಚ್ಚೆ ಮಾತ್ರ ಹೋಗುವುದಿಲ್ಲ. ಬಣ್ಣ ಕೂತಿರುವುದು ಡರ್ಮಿಸ್‌ನಲ್ಲಿ. ಅಲ್ಲಿನ ಕಾವಲು ಜೀವಕೋಶಗಳು ಅದನ್ನು ನುಂಗಿ ಹಿಡಿದುಕೊಂಡಿರುತ್ತವೆ. ನಮ್ಮಜ್ಜಿ ಮದುವೆಗೆ ಮುಂಚೆ ಹಾಕಿಸಿಕೊಂಡ ಹಚ್ಚೆ ಕೊನೆವರೆಗೂ ಹಸಿರಾಗೇ ಇತ್ತು, ಅಂಚು ಮಾತ್ರ ಸ್ವಲ್ಪ ಹರಡಿತ್ತು.