ಮನೆಯೊಳಗೆ ಮೂರು ಅಂತಸ್ತಿನ ಸೊಪ್ಪಿನ ಮಡಿ

ಬಿಸಿಲೇ ಬೀಳದ ಫ್ಲಾಟಿನಲ್ಲೂ ದೀಪದ ಬೆಳಕಿನಲ್ಲಿ, ಮಣ್ಣಿಲ್ಲದೆ ಗೊಬ್ಬರ ಬೆರೆಸಿದ ನೀರಿನಲ್ಲೇ ಲೆಟ್ಯೂಸ್, ಪಾಲಕ್ ಚೆನ್ನಾಗಿ ಬರುತ್ತವೆ. ಟೊಮೆಟೊ, ದಪ್ಪ ಮೆಣಸಿನಕಾಯಿ ಬೇಡ. ಕಾಯಿ ಕಟ್ಟುವಷ್ಟು ಬೆಳಕು ಕೊಡಲು ಹೋದರೆ ಕರೆಂಟ್ ಬಿಲ್ಲೇ ತರಕಾರಿಯ ಬೆಲೆಯನ್ನು ಮೀರಿಸುತ್ತದೆ.

6 ಅಡಿ ಎತ್ತರ, 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ಕಬ್ಬಿಣದ ರ್‍ಯಾಕ್ ಸಾಕು. ಅಂತಸ್ತುಗಳ ನಡುವೆ 45 ಸೆಂ.ಮೀ. ಅಂತರವಿರಲಿ. ನೀರು ತುಂಬಿದಾಗ ಒಂದೊಂದು ಅಂತಸ್ತಿನ ಮೇಲೂ 40 ಕಿಲೋಗಿಂತ ಹೆಚ್ಚು ಭಾರ ಬೀಳುವುದರಿಂದ ರ್‍ಯಾಕನ್ನು ಗೋಡೆಗೆ ಬಿಗಿಯಲೇಬೇಕು.

ಪ್ರತಿ ಅಂತಸ್ತಿಗೆ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬ್ ನಾಲ್ಕು ಬೇಕು. ಅವುಗಳ ಬೆಳಕಿನ ಬಣ್ಣ 6500 ಕೆಲ್ವಿನ್ (ಹಗಲಿನಂಥ ಬಿಳಿ) ಇರಲಿ. ನೇರಳೆ ಬಣ್ಣದ ಗ್ರೋ ಲೈಟ್ ಬೇಕಾಗಿಲ್ಲ; ಅದರ ಕೆಳಗೆ ಎಲೆ ಹಳದಿಯಾಗುತ್ತಿರುವುದೇ ಕಣ್ಣಿಗೆ ಬೀಳುವುದಿಲ್ಲ. ಟ್ಯೂಬುಗಳನ್ನು ಸರಪಳಿಯಲ್ಲಿ ತೂಗುಹಾಕಿ, ಎಲೆಯಿಂದ 15–20 ಸೆಂ.ಮೀ. ಮೇಲಿರುವಂತೆ ಏರಿಸುತ್ತಾ ಹೋಗಿ. ಟೈಮರಿನಲ್ಲಿ ದಿನಕ್ಕೆ 14 ಗಂಟೆ ಉರಿಸಿದರೆ ಅಂತಸ್ತಿಗೆ ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ಸಸಿ ಬಡಕಲಾಗಿ ಉದ್ದಕ್ಕೆ ಎದ್ದು ವಾಲಿದರೆ ಬೆಳಕು ಸಾಲುತ್ತಿಲ್ಲ ಎಂದೇ ಅರ್ಥ.

ಲೆಟ್ಯೂಸ್ ಬೀಜವನ್ನು ಒದ್ದೆ ಸ್ಪಂಜಿನ ಮೇಲಿಡಿ, ಮುಚ್ಚಬೇಡಿ. ಮೊಳೆಯಲು ಅದಕ್ಕೆ ಬೆಳಕು ಬೇಕು. ಕಡು ಬೇಸಿಗೆಯ ಸೆಕೆಗೆ ಅದು ಮೊಳೆಯದೆ ಮಲಗಿಬಿಡುತ್ತದೆ. ಆಗ ಒದ್ದೆ ಬೀಜವನ್ನು ಒಂದೆರಡು ದಿನ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ.

ಬೆಳೆಸುವುದು 60×40 ಸೆಂ.ಮೀ. ಅಳತೆಯ, 12 ಸೆಂ.ಮೀ. ಆಳದ, ಬೆಳಕು ತೂರದ ಕಪ್ಪು ಡಬ್ಬದಲ್ಲಿ. ಅಂತಸ್ತಿಗೆ ಎರಡು ಹಿಡಿಯುತ್ತವೆ. ಮುಚ್ಚಳದಲ್ಲಿ 20 ಸೆಂ.ಮೀ.ಗೊಂದರಂತೆ ಆರು ತೂತು ಕೊರೆದು, 5 ಸೆಂ.ಮೀ. ಆಳದ ಜಾಲರಿ ಕಪ್ ಇಳಿಬಿಟ್ಟು, ಮೊಳೆತ ಸಸಿಯನ್ನು ಸ್ಪಂಜಿನ ಸಮೇತ ಅದರಲ್ಲಿಡಿ. 20 ಲೀಟರ್ ನೀರು ಹಾಕಿದರೆ ಮಟ್ಟ ಸುಮಾರು 8 ಸೆಂ.ಮೀ.ಗೆ ಬಂದು ಕಪ್ಪಿನ ತಳವನ್ನಷ್ಟೇ ನೆನೆಸುತ್ತದೆ. ಪಂಪ್ ಬೇಕಿಲ್ಲ.

ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಿ. ನೀರು ಇಳಿಯುತ್ತಾ ಹೋದಂತೆ ಮೇಲಿನ ಬೇರುಗಳು ಬಯಲಿಗೆ ಬಂದು, ನವಿರು ನಾರಿನಿಂದ ಮುಚ್ಚಿಕೊಂಡು, ತೇವದ ಗಾಳಿಯಿಂದಲೇ ಆಮ್ಲಜನಕ ಎಳೆಯತೊಡಗುತ್ತವೆ. ಕಡಿಮೆಯಾಯಿತೆಂದು ಮತ್ತೆ ಕಪ್ಪಿನವರೆಗೆ ತುಂಬಿಸಿದರೆ ಆ ಬೇರು ಉಸಿರುಕಟ್ಟಿ ಸಾಯುತ್ತದೆ. ನೀರಿನಲ್ಲೇ ನಿಂತ ಗಿಡ ಬಾಡುತ್ತದೆ! ಸೇರಿಸಲೇಬೇಕಾದರೆ ನೀರಿನ ಮಟ್ಟ ಡಬ್ಬದ ತಳದಿಂದ 4 ಸೆಂ.ಮೀ. ಮೀರದಿರಲಿ.

ಗೊಬ್ಬರಕ್ಕೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ) ಆಗದು. ಅದರ ಸಾರಜನಕದ ದೊಡ್ಡ ಪಾಲು ಯೂರಿಯಾ ರೂಪದಲ್ಲಿದೆ, ಕ್ಯಾಲ್ಸಿಯಂ ಇಲ್ಲವೇ ಇಲ್ಲ. ಹೈಡ್ರೋಪೋನಿಕ್ಸ್‌ಗೆಂದೇ (ಮಣ್ಣಿಲ್ಲದ ಕೃಷಿಗೆ) ಎ, ಬಿ ಎಂದು ಎರಡು ಬಾಟಲಿಯಲ್ಲಿ ಬರುವ ಗೊಬ್ಬರದ ದ್ರಾವಣ ತಂದು ಒಂದಾದ ಮೇಲೊಂದು ನೀರಿಗೆ ಹಾಕಿ. ಗಟ್ಟಿ ದ್ರಾವಣಗಳನ್ನು ನೇರ ಬೆರೆಸಿದರೆ ಬಿಳಿ ಚರಟ ಕೂರುತ್ತದೆ. ನೀರಿನಲ್ಲಿ ಕರಗಿದ ಗೊಬ್ಬರದ ಪ್ರಮಾಣ ತೋರುವ ಇಸಿ (ವಿದ್ಯುತ್ ವಾಹಕತೆ) 1.2ರಿಂದ 1.6 ಮಿಲಿಸೀಮೆನ್ಸ್/ಸೆಂ.ಮೀ., ಹುಳಿ-ಕ್ಷಾರದ ಅಳತೆಯಾದ ಪಿಎಚ್ 5.5ರಿಂದ 6.5 ಇರಲಿ. ಬೋರ್‌ವೆಲ್ ನೀರಿನಲ್ಲಿ ಪಿಎಚ್ ಏರುತ್ತಲೇ ಇರುತ್ತದೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣ ಸಿಗುತ್ತಿಲ್ಲವೆಂದು ತಿಳಿದು ಫಾಸ್ಫಾರಿಕ್ ಆಮ್ಲ ಹನಿ ಹನಿಯಾಗಿ ಹಾಕಿ ಪಿಎಚ್ ಇಳಿಸಿ.

ಒಳ ಎಲೆಯ ಅಂಚು ಕಂದಾದರೆ ಗೊಬ್ಬರ ಹೆಚ್ಚಿಸಬೇಡಿ, ಸಣ್ಣ ಫ್ಯಾನ್ ಇಡಿ. ಗಾಳಿ ಆಡದ ಕಡೆ ಸುಳಿಗೆ ಕ್ಯಾಲ್ಸಿಯಂ ತಲುಪುವುದಿಲ್ಲ.

ಬಿತ್ತಿದ 45–50 ದಿನಕ್ಕೆ ಲೆಟ್ಯೂಸ್ ಕೊಯ್ಲಿಗೆ ಸಿದ್ಧ. ಹೊಸ ಸಸಿ ಇಡುವ ಮುನ್ನ ಡಬ್ಬವನ್ನು ಬ್ಲೀಚಿನಲ್ಲಿ ಉಜ್ಜಿ ತೊಳೆದು ಒಣಗಿಸಿ.