ಗೆಳೆಯನ ಬಾಗಿಲಿಗೊಂದು ಲ್ಯಾಟಿನ್ ಶಾಸನ

ಫ್ರೆಂಡ್ ಒಬ್ಬ ಮೈಸೂರಲ್ಲಿ ಮನೆ ಕಟ್ಟಿಸ್ದ. ಗೃಹಪ್ರವೇಶಕ್ಕೆ ಎಲ್ರೂ ಗೋಡೆ ಗಡಿಯಾರ ಕೊಡ್ತಾರೆ, ನಾನು ಬಾಗಿಲ ಪಕ್ಕ ಹಾಕೋಕೆ ಕಲ್ಲು ಕೆತ್ಸಿ ಕೊಡೋಣ ಅನ್ಕೊಂಡೆ. ನೋಡೋಕೆ ರೋಮನ್ ಕಾಲದ ಶಾಸನ, ಜೋರಾಗಿ ಓದಿದ್ರೆ ಕನ್ನಡ.

ಹಳೇ ಚೇಷ್ಟೆ ಇದು, ನನ್ನ ಐಡಿಯಾ ಏನಲ್ಲ. 18ನೇ ಶತಮಾನದಲ್ಲೇ 'ಗಲಿವರ್ಸ್ ಟ್ರಾವೆಲ್ಸ್' ಬರೆದ ಜೊನಾಥನ್ ಸ್ವಿಫ್ಟ್ ಮತ್ತೆ ಅವನ ಗೆಳೆಯ ಥಾಮಸ್ ಶೆರಿಡನ್ ಲ್ಯಾಟಿನ್ ವೇಷ ಹಾಕಿದ ಇಂಗ್ಲಿಷಲ್ಲಿ ಒಬ್ರಿಗೊಬ್ರು ಬರ್ಕೊಳ್ತಿದ್ರು, 'ಮೋಲಿಸ್ ಅಬೂತಿ' ಅಂದ್ರೆ 'ಮಾಲ್ ಈಸ್ ಎ ಬ್ಯೂಟಿ' (ಮಾಲ್ ಅನ್ನೋದು ಹುಡುಗಿ ಹೆಸರು). ಇಟಲಿಯವ್ರದ್ದು ಇನ್ನೂ ಮಜಾ, 'ಕಾನೆ ನೇರೊ ಮಾಗ್ನ ಬೆಲ್ಲ ಪೆರ್ಸಿಕ' ಅನ್ನೋದು ಲ್ಯಾಟಿನಲ್ಲಿ 'ನೀರೋ, ಪರ್ಷಿಯಾದ ಮಹಾಯುದ್ಧಗಳನ್ನ ಹಾಡು', ಇಟಾಲಿಯನಲ್ಲಿ 'ಕರಿ ನಾಯಿ ಚೆಂದದ ಪೀಚ್ ಹಣ್ಣು ತಿನ್ನುತ್ತೆ'.

ನಾನು ಹಾಕ್ಕೊಂಡ ರೂಲು ಒಂದೇ, ಪ್ರತಿ ಪದಾನೂ ನಿಜವಾದ ಲ್ಯಾಟಿನ್ ಪದ ಆಗಿರ್ಬೇಕು, ವಾಕ್ಯಕ್ಕೆ ಅರ್ಥ ಇಲ್ದಿದ್ರೂ ನಡೆಯುತ್ತೆ. ಕನ್ನಡ ಲಿಪೀಲಿ ಈ ಆಟ ಆಡೋಕೇ ಆಗಲ್ಲ, ಬರೆದ ತಕ್ಷಣ ಗುಟ್ಟು ರಟ್ಟು. ರೋಮನ್ ಅಕ್ಷರಕ್ಕೆ ದ-ಡ ಒಂದೇ, ಲ-ಳ ಒಂದೇ, ಹ್ರಸ್ವ ದೀರ್ಘ ಗೊತ್ತೇ ಇಲ್ಲ, ಅದ್ರ ಆ ಬಡತನಾನೇ ನಮ್ಗೆ ಬಂಡವಾಳ. ಹುಡುಕ್ತಾ ಹೋದ್ರೆ ಹುಚ್ಚು ಹಿಡಿಯುತ್ತೆ: ಇಲ್ಲಿ, ಇಲ್ಲ, ಇಲ್ಲೇ ಮೂರೂ ಸಿಕ್ವು (ಲ್ಯಾಟಿನಲ್ಲಿ ಅವನಿಗೆ, ಅವಳು, ಅವನು), ವಡೆ ಅಂದ್ರೆ 'ಹೋಗು', ನೋಡಿ ಅಂದ್ರೆ 'ಗಂಟುಗಳು', ಪಲ್ಯ ಅಂದ್ರೆ ಮೇಲ್ವಸ್ತ್ರಗಳು. ಡಿಕ್ಷನರೀಲಿ ಕ್ರಿಯಾಪದದ ಮೂಲರೂಪ ಮಾತ್ರ ಇರುತ್ತೆ, ಹಾಗಾಗಿ ರೂಪಗಳ ಪಟ್ಟಿ ಇಟ್ಕೊಂಡು ಹುಡುಕ್ಬೇಕು, ಒಳ್ಳೊಳ್ಳೆ ಮಾಲು ಇರೋದು ಅಲ್ಲೇ. 'ಸಾಲ ಇಲ್ಲ' ಮಾತ್ರ ಕೈಕೊಡ್ತು. 'ಸಾಲ್' ಅಂದ್ರೆ ಉಪ್ಪು, 'ಆ' ಅಂದ್ರೆ 'ಇಂದ', ಆದ್ರೆ ಮುಂದೆ ಸ್ವರ ಬಂದ್ರೆ ಅದು 'ಅಬ್' ಆಗ್ಬೇಕು, 'ಸಾಲಬಿಲ್ಲ' ಯಾರಿಗೆ ಬೇಕು.

ಕೊನೆಗೆ ಎರಡು ಸಾಲು ಆಯ್ತು. ಮೊದಲನೇದು 'ಮನೆ ಇಲ್ಲೇ', ಲ್ಯಾಟಿನಲ್ಲಿ 'ಉಳ್ಕೋ, ಅವನು'. ಎರಡನೇದು 'ಬಿಸ್ ಇ ಕಾಪಿ ಕುಡಿ', ಅಂದ್ರೆ 'ಎರಡು ಸಲ, ಹೋಗು, ಹಿಡಿಯಲ್ಪಡಲು, ಕುಟ್ಟಲ್ಪಡಲು'. ಹಳೇ ರೋಮನ್ ಶಾಸನಗಳಲ್ಲಿ 'ಯು' ಅಕ್ಷರ ಇಲ್ಲ, ಅಲ್ಲೂ 'ವಿ'ನೇ ಕೆತ್ತೋದು, ಹಾಗಾಗಿ ಕುಡಿ ಅನ್ನೋದು ಸಿ-ವಿ-ಡಿ-ಐ ಆಯ್ತು, ಇದೊಂದರಿಂದಾನೇ ಅರ್ಧ ವೇಷ ಬಂತು.

ಡ್ರಾಫ್ಟ್ ನೋಡಿ ಫ್ರೆಂಡ್ ಅಮ್ಮ ಬೇಜಾರು ಮಾಡ್ಕೊಂಡ್ರು, ಮನೆಗ್ ಬಂದೋರಿಗೆ 'ಕುಡಿ' ಅಂತಾರೇನಪ್ಪಾ, 'ಕುಡೀರಿ' ಅನ್ನೋಕಾಗಲ್ವಾ ಅಂತ. ಎರಡು ದಿನ ತಲೆ ಕೆಡಿಸ್ಕೊಂಡೆ. ಹೋಗು ಅನ್ನೋ ಲ್ಯಾಟಿನ್ ಕ್ರಿಯಾಪದದ ಪಟ್ಟೀಲೇ ಕರ್ಮಣಿ ರೂಪ 'ಇರಿ' ಅಂತ ಕೂತಿತ್ತು! ಕುಡಿ, ಇರಿ. ಕುಡಿಯಿರಿ. ಅಷ್ಟು ಖುಷಿ ನಂಗೆ ಪರೀಕ್ಷೆ ಪಾಸಾದಾಗ್ಲೂ ಆಗಿರ್ಲಿಲ್ಲ.

ಕೆತ್ತೋ ಅಂಗಡೀಲಿ ಸ್ಟಿಕ್ಕರ್ ಕಟ್ ಮಾಡಿ ಮರಳು ಹೊಡೆದು ಕೆತ್ತುತಾರೆ. ಪದಗಳ ಮಧ್ಯೆ ಚುಕ್ಕಿ ಅಕ್ಷರದ ಅರ್ಧ ಎತ್ತರದಲ್ಲಿ ಬರ್ಬೇಕು ಅಂತ ಹೇಳಿದ್ರೂ ಅವ್ರು ಫುಲ್‌ಸ್ಟಾಪ್ ಥರ ಕೆಳಗಿಟ್ಟಿದ್ರು, ಪುಣ್ಯಕ್ಕೆ ಸ್ಟಿಕ್ಕರ್ ಹಂತದಲ್ಲೇ ನೋಡ್ದೆ. ಇದ್ಯಾವ ದೇವ್ರ ಮಂತ್ರ ಸಾರ್ ಅಂತ ಕೇಳಿದ್ರು, ನಾನು ಹೇಳ್ಲಿಲ್ಲ.

ಗೃಹಪ್ರವೇಶಕ್ಕೆ ಬಂದಿದ್ದ ಓದ್ಕೊಂಡೋರೆಲ್ಲಾ ಅದ್ರ ಮುಂದೆ ನಿಂತು 'ಓಹೋ ಲ್ಯಾಟಿನ್' ಅಂತ ತಲೆ ಆಡಿಸಿ ಒಳಗೆ ಹೋದ್ರು. ಆಮೇಲೆ ಪಾರ್ಸೆಲ್ ತಂದ ಹುಡುಗ, ದಿನವಿಡೀ ಮೊಬೈಲಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡೋನು, ಒಂದೇ ಉಸಿರಿಗೆ ಓದ್ಬಿಟ್ಟ. ಓದಿ ನನ್ನ ಮುಖ ನೋಡ್ದ.

"ಮನೆ ಇಲ್ಲೇ, ಸರಿ ಅಣ್ಣ. ಬಿಸಿ ಕಪಿ ಯಾಕ್ ಕುಡೀಬೇಕು?"